ಮೇಪಲ್ ಮರದ ಎರಡು ಬಾಗಿಲು

ಡುಲೂತ್, ಮಿನ್ನೆಸೋಟ
22 ಸೆಪ್ಟೆಂಬರ್ 1951, ಶನಿವಾರ

ಪ್ರೀತಿಯ ಅಪ್ಪ,

ನನ್ನ ಮದುವೆಯಾಯಿತು! ಗುರುವಾರ, ಹನ್ನೊಂದೂಕಾಲಿಗೆ, ಇಲ್ಲಿನ ಕೋರ್ಟಿನ ಮೂರನೇ ಮಹಡಿಯಲ್ಲಿ, ವೆಂಡೆಲ್ ಟ್ರಾಸ್ಕ್ ಜೊತೆ! ಯಾರವನು ಎಂದು ಕೇಳಬೇಡ, ನೀನು ನೋಡಿದ್ದೀಯ. ಹೋದ ವಸಂತದಲ್ಲಿ ನಮ್ಮೂರ ಶಾಲೆಯ ಮಕ್ಕಳ ಫೋಟೋ ತೆಗೆಯಲು ಬಂದಿದ್ದನಲ್ಲ, ಉದ್ದ ಮೂಗಿನವನು, ನೀನು ಮರಕುಟಿಗ ಎಂದು ಹೆಸರಿಟ್ಟವನು. ಅವನೇ ಈಗ ನಿನ್ನ ಅಳಿಯ! ಅಂದಿನಿಂದ ನಲವತ್ತೊಂದು ಕಾಗದ ಬರೆದ. ಎಲ್ಲವೂ ನಾನು ಕೆಲಸ ಮಾಡುವ ಟೆಲಿಫೋನ್ ಎಕ್ಸ್‌ಚೇಂಜಿಗೆ ಬಂದವು. ಮನೆಗೆ ಬಂದಿದ್ದರೆ ಲೆಂಪಿ ಅತ್ತೆ ಆವಿ ಹಿಡಿದು ಲಕೋಟೆ ಬಿಡಿಸುತ್ತಿದ್ದಳು, ನನಗೆ ಗೊತ್ತು.

ಗಾಡಿ ನಮ್ಮ ಹತ್ತಿರ ಇದೆ. ಹೇಳದೆ ತಂದೆ, ನಿಜ. ಆದರೆ "ನಿನ್ನ ಮದುವೆಯ ದಿನ ಈ ಗಾಡಿ ನಿನ್ನದು" ಎಂದು ನೀನೇ ಎಷ್ಟು ಸಲ ಹೇಳಿದ್ದೀಯ! ಎರಡು ದಿನ ಮುಂಚೆ ತೆಗೆದುಕೊಂಡೆ, ಅಷ್ಟೇ. ವೆಂಡೆಲ್‌ನ ಹಳೆಯ ಕಾರು ಆಗಸ್ಟಿನಲ್ಲಿ ಪ್ರಾಣ ಬಿಟ್ಟಿತು, ಗಾಡಿಯಿಲ್ಲದೆ ಅವನ ಕಂಪನಿ ಕೆಲಸ ಕೊಡುವುದಿಲ್ಲ. ನಿನ್ನ ಕಾರ್ಖಾನೆಯಲ್ಲಿ ಮರದ ಮೈ ಕಟ್ಟಿದ ನಮ್ಮ ಸ್ಟೇಷನ್ ವ್ಯಾಗನ್ ನೋಡಿ ಅವನಿಗೆ ಕುಣಿಯುವಷ್ಟು ಖುಷಿ. ಹಿಂದಿನ ಸೀಟು ತೆಗೆದರೆ ಕ್ಯಾಮೆರಾ, ದೀಪಗಳು, ಮಕ್ಕಳ ಹಿಂದೆ ಕಟ್ಟುವ ಬೆಟ್ಟ ಸರೋವರದ ಪರದೆ, ಎಲ್ಲವೂ ಹಿಡಿಯುತ್ತದೆ. "ಎರಡೇ ಬಾಗಿಲು ಯಾಕೆ?" ಎಂದು ಕೇಳಿದ. ಅತ್ತೆಯ ಮಾತನ್ನೇ ಹೇಳಿದೆ: "ಹಿಂದೆ ಬಾಗಿಲಿದ್ರೆ ಮಗು ಬಿದ್ದ್ಹೋಗತ್ತೆ ಅಂತ ತಂದ ಮಹಾರಾಯ. ಮಗೂಗೆ ಹತ್ತೊಂಬತ್ತು ವರ್ಷ!" ರಸ್ತೆ ಬದಿಗೆ ನಿಲ್ಲಿಸಿ ನಕ್ಕ.

ಅಪ್ಪ, ನನ್ನದು ಒಂದೇ ಪ್ರಶ್ನೆ. ನಾವಿಬ್ಬರೂ ಮನೆಗೆ ಬರಬಹುದೇ? ಇವತ್ತೇ ಅಲ್ಲ, ಶಾಲೆಗಳ ಕೆಲಸ ಮುಗಿದ ಮೇಲೆ. ಬರಬಹುದು ಎಂದು ಒಂದು ಸಾಲು ಬರೆದುಬಿಡು. ಒಮಾಹದ ಅಂಚೆ ಕಚೇರಿಗೆ ಬರೆದರೆ ಹೋಗಿ ಕೇಳಿ ತೆಗೆದುಕೊಳ್ಳುತ್ತೇವೆ.

ನಿನ್ನ (ಈಗ ಮಿಸೆಸ್ ಟ್ರಾಸ್ಕ್!!)
ಐಲಿ


ಪೈನ್ ಬೆಂಡ್, ಮಿಷಿಗನ್
1 ಅಕ್ಟೋಬರ್ 1951

ಐಲಿ,

ಕಾಗದ ಬಂತು. ಮಂಗಳವಾರ ಬೆಳಿಗ್ಗೆ ಷೆಡ್ಡು ಖಾಲಿ ಇತ್ತು. ಶೆರಿಫನಿಗೆ ಹೇಳೋಣ ಎಂದು ಲೆಂಪಿ ಅಂದಳು. ಬೇಡ ಅಂದೆ. ನಿನ್ನ ಒಳ್ಳೆಯ ಬೂಟು ಕೂಡ ಹೋಗಿತ್ತು, ಕಳ್ಳರು ಅಳತೆ ನೋಡಿ ಬೂಟು ಒಯ್ಯುವುದಿಲ್ಲ.

ಚಳಿ ಬೀಳುವ ಮೊದಲು ಗಾಡಿಯ ಮರಕ್ಕೆ ವಾರ್ನಿಷ್ ಆಗಬೇಕು. ಈ ತಿಂಗಳು ನಾನೇ ಬಳಿಯುವವನಿದ್ದೆ. ಹಳೆಯ ಹೊಳಪು ಹೋಗುವವರೆಗೆ ಪಾಲಿಶ್ ಪೇಪರಿನಲ್ಲಿ ಉಜ್ಜು. ಮರದ ನಾರು ಹೋದ ಕಡೆಗೇ ಉಜ್ಜು, ಅಡ್ಡ ಉಜ್ಜಬೇಡ. ಮೂಲೆಗಳ ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಹಾಕಿ ತೊಳೆ. ಪೂರ್ತಿ ಒಣಗಿದ ಮೇಲೆ ಮೂರು ಕೈ ವಾರ್ನಿಷ್. ಮಂಜು ಇರುವ ದಿನ ಬಳಿಯಬೇಡ. ಬಾಗಿಲ ಕೀಲುಗಳ ಸ್ಕ್ರೂ ತಿಂಗಳಿಗೊಮ್ಮೆ ಬಿಗಿ ಮಾಡು. ಬಾಗಿಲನ್ನು ಬಡಿದು ಹಾಕಬೇಡ, ಒತ್ತಿ ಹಾಕು.

ಲೆಂಪಿ ಹೇಳುತ್ತಾಳೆ: "ಇಂಗ್ಲಿಷ್ ಶಾಲೆಗೆ ಹಾಕ್ಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ? ಈಗ ಕೋರ್ಟಲ್ಲಿ ಮದುವೆ, ಪಾದ್ರಿಯಿಲ್ಲ, ಕಾಫಿಯಿಲ್ಲ." ಬರೆ ಅಂದಳು, ಬರೆದಿದ್ದೇನೆ.

ಅಪ್ಪ


ನಾರ್ತ್ ಪ್ಲ್ಯಾಟ್, ನೆಬ್ರಸ್ಕಾ
28 ಅಕ್ಟೋಬರ್ 1951, ಭಾನುವಾರ

ಪ್ರೀತಿಯ ಅಪ್ಪ,

ನಿನ್ನ ಕಾಗದವನ್ನು ಏಳು ಸಲ ಓದಿದೆ. ಗಾಡಿಗೆ ಹದಿನೈದು ಸಾಲು ಇತ್ತು. ನನ್ನ ಪಾಲಿಗೆ ಬಂದದ್ದು ಬೂಟಿನ ಮಾತೊಂದೇ. ವೆಂಡೆಲ್ ಅಂತೂ ಎಲ್ಲೂ ಇಲ್ಲ, ಮರಕುಟಿಗ ಎಂದಾದರೂ ಬರೆಯಬಾರದಿತ್ತೇ? ಇರಲಿ, ನನಗೆ ಬೇಜಾರಿಲ್ಲ. ನಾನು ಎಷ್ಟು ಸುಖವಾಗಿದ್ದೇನೆ ಎಂದರೆ ಬೇಜಾರಿಗೆ ಜಾಗವೇ ಇಲ್ಲ!

ಈ ತಿಂಗಳು ಹತ್ತೊಂಬತ್ತು ಶಾಲೆ ಮುಗಿಸಿದೆವು. ನನ್ನ ಕೆಲಸ ತಲೆ ಬಾಚುವುದು, ಕಾಲರ್ ಸರಿ ಮಾಡುವುದು, ಸಿಂಬಳ ಒರೆಸುವುದು. ಮೊನ್ನೆ ಒಬ್ಬ ಹುಡುಗಿ ಮುಂದಿನ ಎರಡು ಹಲ್ಲು ಬಿದ್ದಿವೆ ಎಂದು ಬಾಯಿಯನ್ನೇ ತೆರೆಯಲಿಲ್ಲ. ವೆಂಡೆಲ್ ಮಂಡಿಯೂರಿ ಕುಳಿತು ಕೇಳಿದ, "ಒಳಗಡೆ ಯಾರಿಗೆ ಬಾಡಿಗೆ ಕೊಟ್ಟಿದ್ದೀಯಮ್ಮಾ?" ಅವಳು ಕಿಸಕ್ಕೆಂದಳು, ಇವನು ಗುಂಡಿ ಒತ್ತಿದ. ಅಪ್ಪ, ನೀನು ಅವನ ಕೆಲಸ ನೋಡಬೇಕು. ಕ್ಯಾಮೆರಾ ಮುಂದೆ ಅವನು ಒಂದು ಗಂಟೆ ಅಲುಗಾಡದೆ ನಿಲ್ಲಬಲ್ಲ. ಅದು ಬಿಟ್ಟರೆ ಅವನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಒಂದೂರಲ್ಲಿ ಮೂರು ದಿನ ಕಳೆದರೆ ಮೇಜಿನ ಕೆಳಗೆ ಮಂಡಿ ಕುಣಿಯಲು ಶುರು. "ಐಲಿ, ಹೊರಡೋಣ್ವಾ?" ಎನ್ನುತ್ತಾನೆ. ನಾನು ಆಗಲೇ ಪರದೆ ಸುತ್ತುತ್ತಿರುತ್ತೇನೆ! ಇನ್ನು ಇಲ್ಲಿಂದ ವ್ಯೋಮಿಂಗ್ ದಾಟಿ ಐಡಹೋ. ಬೊಯ್ಸಿಯಲ್ಲಿ ಕಂಪನಿಯವರು ಅವನಿಗೆ ಒಂದು ಕಚೇರಿ, ಮೇಲುಗಡೆ ಎರಡು ಕೋಣೆಯ ಮನೆ ಕೊಡುತ್ತಾರಂತೆ. ಕಿಟಕಿಗೆ ಹಳದಿ ಪರದೆ ಎಂದು ಈಗಲೇ ತೀರ್ಮಾನಿಸಿದ್ದೇನೆ. ಮುಂದಿನ ಕಾಗದ ಬೊಯ್ಸಿಯ ಅಂಚೆ ಕಚೇರಿಗೆ ಹಾಕು.

ಈಗ ನಿನಗೆ ಬೇಕಾದ ಸುದ್ದಿ. ವಾರ್ನಿಷ್ ಆಯಿತು! ಒಬ್ಬ ರೈತನ ಕಣಜದಲ್ಲಿ ಗಾಡಿ ನಿಲ್ಲಿಸಿ ನಾಲ್ಕು ದಿನ, ನಾನೊಬ್ಬಳೇ, ನೀನು ಹೇಳಿದ್ದರಲ್ಲಿ ಒಂದೂ ತಪ್ಪದಂತೆ. ಮೂರು ಕೈ ಎಂದಿದ್ದೆ, ನಾಲ್ಕು ಬಳಿದೆ. ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು! ಇನ್ನೊಂದು, ಕೇಳಿದರೆ ಹೆಮ್ಮೆಪಡುತ್ತೀಯ. ಬಾಗಿಲ ಕೆಳಪಟ್ಟಿಯ ಅಡಿಯಲ್ಲಿ ಮೂರು ಮೂರು ಸೀಳುಗಳಿದ್ದವು, ಹಿಂದಿನ ಪಕ್ಕಗಳ ಹಲಗೆಯ ಅಡಿಯಲ್ಲೂ ಇದ್ದವು, ಹುಳ ಕೊರೆದ ಹಾಗೆ. ಅಲ್ಲಿಂದಲೇ ದೂಳು, ಚಳಿಗಾಳಿ ಬರುತ್ತಿದ್ದದ್ದು. ನಿನ್ನ ಕಾರ್ಖಾನೆಯವರು ಬಿಟ್ಟ ಕೆಲಸವನ್ನು ಮಗಳು ಮುಗಿಸಿದಳು. ಪ್ರತಿಯೊಂದಕ್ಕೂ ಪುಟ್ಟಿ ತುಂಬಿ, ಉಜ್ಜಿ, ಮೇಲೆ ವಾರ್ನಿಷ್ ಹೊಡೆದೆ. ಎಲ್ಲಿತ್ತು ಎಂದು ನೀನು ಬೆರಳಾಡಿಸಿದರೂ ಸಿಗುವುದಿಲ್ಲ!

ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬರಲಿಲ್ಲ.

ನಿನ್ನ
ಐಲಿ


ಪೈನ್ ಬೆಂಡ್
5 ನವೆಂಬರ್ 1951

ಐಲಿ,

ಇದನ್ನು ಓದಿದ ಕೂಡಲೇ ಆ ಸೀಳುಗಳನ್ನು ಬಿಡಿಸು. ಊಟ ಆಮೇಲೆ ಮಾಡು.

ಅವು ಹುಳದ ತೂತಲ್ಲ. ನಾವು ಮಾಡಿದ್ದು. ಗಾಜು ಇಳಿಯುವ ಸಂದಿನಿಂದ ಮಳೆನೀರು ಬಾಗಿಲ ಒಳಗೆ ಹೋಗೇ ಹೋಗುತ್ತದೆ, ಯಾವ ರಬ್ಬರು ಹಾಕಿದರೂ ತಡೆಯುವುದಿಲ್ಲ. ಒಳಗೆ ಹೋದ ನೀರು ಕೆಳಗಿನ ಸೀಳಿನಿಂದ ಹೊರಗೆ ಹೋಗಬೇಕು. ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ಹೊರಗೆ ವಾರ್ನಿಷ್ ಹೊಳೆಯುತ್ತಿರುತ್ತದೆ, ಒಳಗೆ ಮರ ಕೊಳೆಯುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇದು ಎರಡು ಬಾಗಿಲಿನ ಗಾಡಿ. ಬಾಗಿಲು ಉದ್ದ, ತೂಕ ಹೆಚ್ಚು, ಕೊಳೆತರೆ ಕೀಲಿನಿಂದ ಕಿತ್ತು ಬರುತ್ತದೆ. ಓಡುವಾಗ ಕಿತ್ತರೆ ನೀನು ಆ ಪಕ್ಕದಲ್ಲಿ ಕುಳಿತಿರುತ್ತೀಯ.

ಸಣ್ಣ ಉಳಿಯಿಂದ ಪುಟ್ಟಿ ತೆಗೆ. ಉಳಿ ಇಲ್ಲದಿದ್ದರೆ ಅಡುಗೆ ಚಾಕು. ಒಳಗಿನಿಂದ ನೀರು ಸುರಿದರೆ ಸ್ವಲ್ಪ ಹೊತ್ತು ಸುರಿಯಲು ಬಿಡು, ಆಮೇಲೆ ಗಾಡಿಯನ್ನು ಸೂರಿನ ಕೆಳಗೆ ಎರಡು ದಿನ ನಿಲ್ಲಿಸು. ಅವನಿಗೆ ಹೊರಡುವ ಆತುರವಿದ್ದರೆ ಬಸ್ಸಿನಲ್ಲಿ ಹೋಗಲಿ.

ಮಾಡಿ ಆಯಿತು ಎಂದು ಬರೆ. ಬೇರೇನೂ ಬರೆಯದಿದ್ದರೂ ಸರಿ, ಅದೊಂದು ಬರೆ.

ಅಪ್ಪ


ಆಸ್ಟೋರಿಯಾ, ಆರೆಗಾನ್
30 ಡಿಸೆಂಬರ್ 1951, ಭಾನುವಾರ

ಪ್ರೀತಿಯ ಅಪ್ಪ, ಲೆಂಪಿ ಅತ್ತೆ,

ಕ್ರಿಸ್‌ಮಸ್ ಶುಭಾಶಯ, ತಡವಾಗಿ! ನಾವು ಈಗ ಕಡಲ ಪಕ್ಕದಲ್ಲಿದ್ದೇವೆ! ಬೊಯ್ಸಿ ಬಹಳ ಒಣ ಊರು. ಅದಕ್ಕಿಂತ ನಮಗೆ ನೀರೇ ಇಷ್ಟವಾಯಿತು. ನದಿಯ ಬಾಯಲ್ಲಿ ಹಡಗುಗಳು ಸಾಲುಗಟ್ಟಿ ನಿಂತಿರುತ್ತವೆ, ಗಾಳಿಯಲ್ಲಿ ಮೀನಿನ ವಾಸನೆ. ಬೆಟ್ಟದ ಮೇಲೆಲ್ಲ ನಮ್ಮ ಫಿನ್ನಿಷ್ ಜನರೇ, ಅಂಗಡಿಯಲ್ಲಿ ನಮ್ಮ ಭಾಷೆ ಕೇಳಿ ಕಣ್ಣಲ್ಲಿ ನೀರು ಬಂತು. ಖುಷಿಗೆ! ಒಬ್ಬ ಮುದುಕಿ ಏಲಕ್ಕಿ ಬ್ರೆಡ್ಡು ಕೊಟ್ಟು, "ಯಾರ ಮನೆ ಹುಡುಗಿ ನೀನು?" ಎಂದಳು. ಕಾಲೆ ನಿಸ್ಕನೆನ್ ಮಗಳು, ಕಾರಿಗೆ ಮರದ ಮೈ ಮಾಡುವವರು ಎಂದೆ. "ಮರದ ಕಾರಾ! ನಮ್ಮೂರ ಮಳೇಲಿ ಅದು ಚಿಗುರೀತು, ನೋಡ್ತಿರು" ಎಂದಳು.

ಮಳೆ ಎಂದರೆ ಮಳೆ, ಅಪ್ಪ. ನಾವು ಬಂದ ದಿನದಿಂದ ಒಂದು ದಿನವೂ ಬಿಟ್ಟಿಲ್ಲ. ಶಾಲೆಯ ಮಕ್ಕಳೆಲ್ಲ ಒದ್ದೆ ಬೆಕ್ಕಿನ ಮರಿಗಳ ಹಾಗೆ ಬರುತ್ತಾರೆ. ಆದರೆ ನೀನು ಗಾಡಿಯ ಬಗ್ಗೆ ಚಿಂತೆ ಮಾಡಬೇಡ. ನಿನ್ನ ಕಾಗದದಲ್ಲಿದ್ದದ್ದನ್ನು ಒಂದು ಬಿಡದೆ ಮಾಡಿದ್ದೇನೆ. ಗಾಡಿ ಕನ್ನಡಿಯ ಹಾಗಿದೆ.

ವೆಂಡೆಲ್ ಚೆನ್ನಾಗಿದ್ದಾನೆ. ನಾನೂ ಚೆನ್ನಾಗಿದ್ದೇನೆ. ಮನೆ ಚೆನ್ನಾಗಿದೆ, ಕಿಟಕಿಗಳಿಂದ ನಾಲ್ಕೂ ಕಡೆ ಕಾಣುತ್ತದೆ! ಎಲ್ಲವೂ ತುಂಬ ತುಂಬ ಚೆನ್ನಾಗಿದೆ.

ನಿಮ್ಮ
ಐಲಿ


ಪೈನ್ ಬೆಂಡ್
14 ಜನವರಿ 1952

ಐಲಿ,

ನೀನು ಮಾಡಿದೆ ಎಂದು ಓದಿ ಸಮಾಧಾನವಾಯಿತು. ನವೆಂಬರಿನಿಂದ ಸರಿಯಾಗಿ ಊಟ ಸೇರುತ್ತಿರಲಿಲ್ಲ. ಇನ್ನು ಆ ಊರಿನ ಮಳೆಗೆ ಹೆದರಬೇಡ. ಮರಕ್ಕೆ ಮಳೆಯಿಂದ ಏನೂ ಆಗುವುದಿಲ್ಲ, ಕಾಡಿನಲ್ಲಿ ಇನ್ನೂರು ವರ್ಷ ಮಳೆಯಲ್ಲೇ ನಿಂತಿತ್ತಲ್ಲ. ಗಾಡಿ ಹೊರಗೆ ನಿಂತರೂ ಪರವಾಗಿಲ್ಲ.

ಇಲ್ಲಿ ನಾಲ್ಕು ಅಡಿ ಹಿಮ. ಕಾರ್ಖಾನೆ ಇದ್ದಲ್ಲೇ ಇದೆ. ಈಚೆಗೆ ನನಗೆ ಸ್ವಲ್ಪ ಬಿಡುವು, ಸೌನಾ ಬಚ್ಚಲಿನ ಬೆಂಚುಗಳನ್ನೆಲ್ಲ ಹೊಸದಾಗಿ ಮಾಡಿದೆ. ಲೆಂಪಿಯ ಮೊಟ್ಟೆ ಬುಟ್ಟಿಗೆ ಮೇಪಲ್ ಮುಚ್ಚಳ ಮಾಡಿಕೊಟ್ಟೆ. "ಇನ್ನು ಕೋಳಿಗೂ ಮರದ ಮೈ ಮಾಡ್ಬಿಡು, ಮನೇಲಿ ಕಾಲಿಗೆ ಸಿಗ್ಬೇಡ" ಎನ್ನುತ್ತಾಳೆ.

ಕಿಟಕಿ ನಾಲ್ಕೂ ಕಡೆ ಇರುವ ಮನೆಯಲ್ಲಿ ಚಳಿ ಹೆಚ್ಚು. ಉಣ್ಣೆ ಕಾಲುಚೀಲ ಕಳಿಸಿದ್ದೇನೆ. ಎರಡು ಜೊತೆ.

ಅಪ್ಪ


ಆಸ್ಟೋರಿಯಾ
9 ಮಾರ್ಚ್ 1952, ಭಾನುವಾರ

ಅಪ್ಪ,

ಗುರುವಾರ ಬಾಗಿಲು ಕಿತ್ತು ಬಂತು. ಶಾಲೆಯ ಮುಂದೆ, ಎಪ್ಪತ್ತು ಮಕ್ಕಳು ಸಾಲಾಗಿ ನಿಂತಿದ್ದಾಗ. ನಾನು ಇಳಿಯಲೆಂದು ತೆರೆದೆ, ಅದು ನನ್ನ ಕೈಯಲ್ಲೇ ಉಳಿಯಿತು. ಕೀಲಿನ ಸ್ಕ್ರೂಗಳ ಜೊತೆ ಮುಷ್ಟಿ ಮುಷ್ಟಿ ಕಂದು ಹಿಟ್ಟು ಬಂತು, ಕಾಫಿಯಲ್ಲಿ ಅದ್ದಿದ ಬ್ರೆಡ್ಡಿನ ಹಾಗೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಪಕ್ಕವನ್ನು ವೆಂಡೆಲ್ ಹೆಬ್ಬೆರಳಿನಲ್ಲಿ ಒತ್ತಿದ, ಬೆರಳು ಒಳಗೆ ಹೋಯಿತು, ನೀರು ಚಿಮ್ಮಿತು. ಅದರ ಪಕ್ಕದಲ್ಲೇ ಫಿಲ್ಮಿನ ಪೆಟ್ಟಿಗೆಗಳಿದ್ದವು. ಮೂರು ಶಾಲೆಯ ಮಕ್ಕಳ ಮುಖಗಳೆಲ್ಲ ಹೋದವು. ಕಂಪನಿಯಿಂದ ಶನಿವಾರ ತಂತಿ ಬಂತು, ವೆಂಡೆಲ್‌ಗೆ ಕೆಲಸವಿಲ್ಲ.

ನೀನು ಹೇಳಿದೆ ಎಂದೇ ಗಾಡಿಯನ್ನು ಹೊರಗೆ ಬಿಟ್ಟಿದ್ದೆವು. ಹೆದರಬೇಡ ಎಂದು ನೀನೇ ಬರೆದಿದ್ದೆ.

ಇವತ್ತು ಬೆಳಿಗ್ಗೆ ವೆಂಡೆಲ್ ಅಂದ, "ನಿಮ್ಮಪ್ಪ ಮರ ಕೊಟ್ರೋ ಸೌತೆಕಾಯಿ ಕೊಟ್ರೋ?" ನಾನು ನಿನ್ನ ಪರ ವಾದಿಸಬೇಕೆಂದು ಬಾಯಿ ತೆರೆದೆ. ಅವನು ಮಡಚಿದ ಒಂದು ಹಳೆಯ ಪತ್ರಿಕೆ ಮುಂದಿಟ್ಟ. ಪೈನ್ ಬೆಂಡ್ ಕಾರ್ಖಾನೆಯಲ್ಲಿ ಮರದ ವಿಭಾಗ ಡಿಸೆಂಬರಿನಲ್ಲೇ ಮುಚ್ಚಿದೆ, ಮುಂದಿನ ಗಾಡಿಗಳೆಲ್ಲ ಪೂರ್ತಿ ಉಕ್ಕಿನವು ಎಂದು ಅದರಲ್ಲಿದೆ. ಸ್ವಲ್ಪ ಬಿಡುವು ಎಂದು ನೀನು ಬರೆದದ್ದು ಇದೇ ಏನು? ಊರಿಗೆಲ್ಲ ಗೊತ್ತಿರುವುದು ಮಗಳಿಗೆ ಪತ್ರಿಕೆಯಿಂದ ಗೊತ್ತಾಗಬೇಕೇ? ಇಂಥ ಮರ ಕೊಟ್ಟರೆ ಮುಚ್ಚದೆ ಇನ್ನೇನು ಮಾಡುತ್ತಾರೆ!

ನಾವು ಗಾಡಿಯನ್ನು ಸೌದೆಯವನಿಗೆ ಕೊಟ್ಟುಬಿಡುತ್ತೇವೆ. ವೆಂಡೆಲ್ ದಕ್ಷಿಣಕ್ಕೆ ಹೋಗೋಣ ಎನ್ನುತ್ತಾನೆ. ಎಲ್ಲಿಗೆ ಎಂದು ಕೇಳಿದರೆ "ಒಣಗಿರೋ ಕಡೆ" ಎನ್ನುತ್ತಾನೆ. ನಾನು ಹೂಂ ಅಂದೆ.

ಐಲಿ


ಆಸ್ಟೋರಿಯಾ
17 ಮಾರ್ಚ್ 1952, ಸೋಮವಾರ

ಅಪ್ಪ,

ನವೆಂಬರ್ ಐದರಂದು ನೀನು ಬರೆದ ಕಾಗದ ಇವತ್ತು ಬಂತು.

ನಾವು ಬೊಯ್ಸಿಗೆ ಹೋಗಲೇ ಇಲ್ಲ. ಅಲ್ಲಿ ಕಚೇರಿಯೂ ಇರಲಿಲ್ಲ, ಮನೆಯೂ ಇರಲಿಲ್ಲ. ವ್ಯೋಮಿಂಗಿನಲ್ಲಿದ್ದಾಗ ಕಂಪನಿಯವರು ಬೇಡ ಎಂದರು, ನಾವು ದಾರಿ ಬದಲಿಸಿ ಕ್ಯಾಲಿಫೋರ್ನಿಯಾದ ಯುರೇಕಾಕ್ಕೆ ಹೋದೆವು, ಅಲ್ಲಿಂದ ಇಲ್ಲಿಗೆ. ನಿನಗೆ ಹೇಳಲು ನಾಚಿಕೆಯಾಯಿತು. ನಿನ್ನ ಕಾಗದ ಬೊಯ್ಸಿಯಲ್ಲಿ ಕಾದು, ಯುರೇಕಾಕ್ಕೆ ಹೋಗಿ, ಅಲ್ಲಿಯೂ ಕಾದು ನಮ್ಮ ಹಿಂದೆಯೇ ಬಂದಿದೆ. ಲಕೋಟೆಯ ಮೇಲೆ ನಾಲ್ಕು ಮುದ್ರೆಗಳಿವೆ. ಕಿಟಕಿಗಳಿಂದ ನಾಲ್ಕೂ ಕಡೆ ಕಾಣುವ ಮನೆ ಎಂದೆನಲ್ಲ, ಅದು ಗಾಡಿ. ಜನವರಿಯವರೆಗೆ ನಾವು ಅದರಲ್ಲೇ ಮಲಗುತ್ತಿದ್ದೆವು. ಒಂದನ್ನೂ ಬಿಡದೆ ಮಾಡಿದ್ದೇನೆ ಎಂದು ಬರೆದಾಗ ನನ್ನ ಮನಸ್ಸಿನಲ್ಲಿದ್ದದ್ದು ನಿನ್ನ ಮೊದಲ ಕಾಗದದ ವಾರ್ನಿಷ್. ನಾನು ಸೀಳುಗಳನ್ನು ಬಿಡಿಸಿದೆನೆಂದು ನೀನು ಅಂದುಕೊಂಡೆ. ಊಟ ಸೇರುತ್ತಿರಲಿಲ್ಲ ಎಂದು ಯಾಕೆ ಬರೆದೆ ಎಂದು ಆಗ ತಿಳಿಯಲಿಲ್ಲ, ಈಗ ತಿಳಿಯಿತು.

ಮರದ ತಪ್ಪಲ್ಲ. ನಿನ್ನ ತಪ್ಪಲ್ಲ. ನನ್ನ ಕೈಯಿಂದ, ಪುಟ್ಟಿಯಿಂದ, ಹೆಮ್ಮೆಯಿಂದ ಆದದ್ದು. ವೆಂಡೆಲ್‌ಗೆ ಕಾಗದವನ್ನು ಓದಿ ಹೇಳಿದೆ. ಬಹಳ ಹೊತ್ತು ಕುಳಿತಿದ್ದ. ಕಾಲು ಕುಣಿಯಲಿಲ್ಲ. ಆಮೇಲೆ ಅಂದ, "ಮೂರು ಶಾಲೆ ಮಕ್ಳು. ನಾನು ನಿಮ್ಮಪ್ಪನ್ನ ಬೈದೆ. ಅವ್ರು ಊಟ ಬಿಟ್ಟಿದ್ರು." ಸೌದೆಯವನು ಮಧ್ಯಾಹ್ನ ಬಂದಾಗ ಅವನೇ ಹೊರಗೆ ಹೋಗಿ, ಗಾಡಿ ಕೊಡುವುದಿಲ್ಲ ಎಂದು ಕಳಿಸಿದ. ನಾಳೆಯಿಂದ ಮೀನು ಡಬ್ಬಿ ತುಂಬುವ ಕಾರ್ಖಾನೆಗೆ ಹೋಗುತ್ತಾನೆ. ಅಲ್ಲಿನ ಷೆಡ್ಡಿನ ಮೂಲೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಕೊಟ್ಟಿದ್ದಾರೆ.

ಒಂಬತ್ತನೇ ತಾರೀಖಿನ ಕಾಗದ ನಿನಗೆ ತಲುಪದೆ ಇರಲಿ ಎಂದು ಅಂಚೆ ಕಚೇರಿಗೆ ಓಡಿದೆ. ಅದು ಎಂದೋ ಹೋಗಿತ್ತು. ಈ ಸಲ ನಿನ್ನನ್ನು ಏನೂ ಕೇಳುವುದಿಲ್ಲ.

ಐಲಿ


ಪೈನ್ ಬೆಂಡ್
14 ಏಪ್ರಿಲ್ 1952

ಐಲಿ,

ನಿನ್ನ ಎರಡೂ ಕಾಗದ ಬಂದವು. ಮೊದಲನೆಯದು ಮೊದಲು ಬಂತು. ಅದನ್ನು ಓದಿ ಮೂರು ದಿನ ನಾನು ಬಾಯಿ ಬಿಡಲಿಲ್ಲ. ಲೆಂಪಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎರಡನೆಯದನ್ನು ಅವಳು ಕಿತ್ತುಕೊಂಡು ಓದಿ, ಅಡುಗೆಮನೆಗೆ ಹೋಗಿ ಪಾತ್ರೆ ಬಡಿದಳು. "ಬರಿ ಅವಳಿಗೆ. ಬರೀದೆ ಇದ್ರೆ ನಾನು ಇಂಗ್ಲಿಷಲ್ಲಿ ಬರೀತೀನಿ, ಆಮೇಲೆ ಮರ್ಯಾದೆ ಹೋದ್ರೆ ನನ್ನ ಕೇಳ್ಬೇಡ" ಎಂದಳು. ನಾಲ್ಕು ಸಲ ಬರೆದು ಹರಿದೆ. ನಿನ್ನೆ ಈಸ್ಟರ್, ಚರ್ಚಿಗೂ ಹೋಗಿ ಬಂದೆ. ಇನ್ನು ಹರಿಯುವುದಿಲ್ಲ.

ಕಾರ್ಖಾನೆಯ ವಿಷಯ. ಡಿಸೆಂಬರ್ ಹದಿನೆಂಟರಂದು ಗಾಡಿಯ ಕೊನೆಯ ಮರದ ಪಕ್ಕ ಹೊರಬಿತ್ತು. ಅದರ ಒಳಮೈಮೇಲೆ ನಾವು ಹದಿನಾರು ಜನ ಪೆನ್ಸಿಲಿನಲ್ಲಿ ಹೆಸರು ಬರೆದೆವು. ಆಮೇಲೆ ಮೇಲೆ ರಟ್ಟು ಬಡಿದರು, ಯಾರಿಗೂ ಕಾಣುವುದಿಲ್ಲ. ಅಳತೆಯ ಮಾದರಿ ಹಲಗೆಗಳನ್ನೆಲ್ಲ ಬಾಯ್ಲರಿಗೆ ಹಾಕಿದರು. ಡೆಟ್ರಾಯ್ಟಿನ ಉಕ್ಕಿನ ವಿಭಾಗಕ್ಕೆ ಬಾ ಎಂದರು, ಬರುವುದಿಲ್ಲ ಎಂದೆ. ಈಗ ಮಂಗಳವಾರ, ಶುಕ್ರವಾರ ಶವಪೆಟ್ಟಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಮದುವೆಯಾದವಳಿಗೆ ಇದನ್ನೆಲ್ಲ ಬರೆಯಬಾರದು ಎಂದುಕೊಂಡೆ. ಬರೆಯಬೇಕಿತ್ತು.

ಸೀಳುಗಳ ವಿಷಯ. ಇಪ್ಪತ್ತೆರಡು ವರ್ಷ ಅವನ್ನೇ ಕೊರೆದೆ. ಅಂಥದ್ದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ಹೊಳೆಯಲೇ ಇಲ್ಲ. ಹೆಣ್ಣುಮಕ್ಕಳನ್ನು ಯಂತ್ರದ ಹತ್ತಿರ ಬಿಡುತ್ತಿರಲಿಲ್ಲ. ಬಿಡುತ್ತಿದ್ದರೂ ನಾನು ನಿನ್ನನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ನೀನು ಓದಿದವಳು, ನಿನ್ನ ಬಟ್ಟೆಗೆ ಮರದ ಹುಡಿ ತಾಗಬಾರದು ಎಂದಿತ್ತು. ತಪ್ಪು ನಿನ್ನ ಕೈಯದು ಎಂದು ಬರೆದಿದ್ದೀಯ. ಕೈಗೆ ಹೇಳಿಕೊಡಬೇಕಾದವನು ಹೇಳಿಕೊಡಲಿಲ್ಲ.

ಆ ಗಾಡಿಗೆ ಬೇಕಾದ ಹಲಗೆಗಳನ್ನು ಕಾರ್ಖಾನೆಯ ಸಾಲಿನಿಂದ ನಾನೇ ಆರಿಸಿ ಇಟ್ಟಿದ್ದೆ. ಎರಡು ಬಾಗಿಲೂ ಒಂದೇ ಮರದ್ದು, ನಾರು ಎಡದಿಂದ ಬಲಕ್ಕೆ ಕೂಡಿಬರುವ ಹಾಗೆ. ಮದುವೆಯ ದಿನ ಚರ್ಚಿನ ಮುಂದೆ ಗಾಡಿ ನಿಲ್ಲಿಸಿ ನಿನಗೆ ಅದನ್ನು ತೋರಿಸಬೇಕು ಎಂದಿತ್ತು. ಅಂದು ಬೆಳಿಗ್ಗೆ ಷೆಡ್ಡು ಖಾಲಿ ನೋಡಿದಾಗ ನನಗೆ ನೋವಾದದ್ದು ಅದಕ್ಕೆ. ಗಾಡಿ ಹೋಯಿತು ಎಂದಲ್ಲ.

ಈಗ ಕೆಲಸದ ಮಾತು. ಬಾಗಿಲನ್ನು ಎಸೆಯಬೇಡಿ. ಕೊಳೆತ ತುಂಡುಗಳನ್ನೂ ಎಸೆಯಬೇಡಿ, ಒಂದು ಚೂರನ್ನೂ. ಮಾದರಿಗಳು ಸುಟ್ಟುಹೋಗಿವೆ, ಈಗ ಅಳತೆ ಇರುವುದು ಅದರಲ್ಲಿ ಮಾತ್ರ. ನನ್ನ ಹತ್ತಿರ ಎಂಟು ವರ್ಷ ಒಣಗಿದ ಮೇಪಲ್ ಇದೆ. ಮೊದಲು ಒಂದು ಬಾಗಿಲು ಮಾಡೋಣ. ಅದನ್ನು ನೋಡಿ ಇನ್ನೊಂದು, ಆಮೇಲೆ ಪಕ್ಕಗಳು. ಬಾಗಿಲು ತೆಗೆದುಕೊಂಡು ಬಾ. ವೆಂಡೆಲ್‌ನನ್ನೂ ಕರೆದುಕೊಂಡು ಬಾ. ಅಂಟು ಹಚ್ಚಿದ ಮೇಲೆ ಬಿಗಿದು ಹಿಡಿಯಲು ಆರು ಕೈ ಬೇಕು. ಒಂದು ಗಂಟೆ ಅಲುಗಾಡದೆ ನಿಲ್ಲಬಲ್ಲ ಎಂದು ನೀನೇ ಬರೆದಿದ್ದೀಯ. ಈ ಸಲ ಸೀಳುಗಳನ್ನು ನೀನು ಕೊರೆಯಬೇಕು.

ಯಾವಾಗ ಬರುತ್ತೀರಿ ಬರೆ.

ಅಪ್ಪ


ಆಸ್ಟೋರಿಯಾ
27 ಏಪ್ರಿಲ್ 1952, ಭಾನುವಾರ

ಪ್ರೀತಿಯ ಅಪ್ಪ,

ನಿನ್ನ ಕಾಗದವನ್ನು ನಾನು ಓದಿ ಮುಗಿಸುವ ಮೊದಲೇ ವೆಂಡೆಲ್ ಕೇಳಿದ, "ನನ್ನ ಹೆಸರು ಬರ್ದಿದ್ದಾರಾ? ಪೂರ್ತಿ ಬರ್ದಿದ್ದಾರಾ?" ಆ ಸಾಲನ್ನು ಅವನಿಗೆ ತೋರಿಸಿದೆ. ನಮ್ಮ ಭಾಷೆ ಅವನಿಗೆ ಬರುವುದಿಲ್ಲ, ಆದರೂ ಹೆಸರಿನ ಮೇಲೆ ಬೆರಳಿಟ್ಟುಕೊಂಡು ನಿಂತ. ಆಮೇಲೆ ಹೆದರಿದ. ಅಂದಿನಿಂದ ದಿನಕ್ಕೆ ಹತ್ತು ಪ್ರಶ್ನೆ. "ನಿಮ್ಮಪ್ಪ ಮಾತಾಡ್ತಾರಾ?" ಇಲ್ಲ. "ಬೈತಾರಾ?" ಇಲ್ಲ. "ಮತ್ತೇನ್ಮಾಡ್ತಾರೆ?" ಸೌನಾದಲ್ಲಿ ಕೂರಿಸಿ ಕಾದ ಕಲ್ಲಿಗೆ ನೀರು ಹಾಕಿ ಹಬೆ ಎಬ್ಬಿಸುತ್ತಾರೆ ಎಂದೆ. ಅತ್ತೆಯ ಬಗ್ಗೆ ಇನ್ನೂ ಹೇಳಿಲ್ಲ, ಒಂದೇ ದಿನ ಎಲ್ಲ ತಡೆದುಕೊಳ್ಳಲಾರ.

ಆರು ವಾರದಿಂದ ಅವನು ಒಂದೇ ಜಾಗದಲ್ಲಿ ಒಂದೇ ಕೆಲಸ ಮಾಡುತ್ತಿದ್ದಾನೆ. ಹೊರಡೋಣ ಎಂದಿಲ್ಲ. ನನಗೇ ಈಗ ಕೂರಲು ಆಗುತ್ತಿಲ್ಲ, ಅಪ್ಪ! ಪಾತ್ರೆ ತೊಳೆಯುತ್ತ ಅರ್ಧಕ್ಕೆ ಬಿಟ್ಟು ಪೆಟ್ಟಿಗೆ ತುಂಬುತ್ತೇನೆ, ಮತ್ತೆ ಬಟ್ಟೆ ಬೇಕಾಗಿ ಹೊರಗೆ ತೆಗೆಯುತ್ತೇನೆ. ಗಾಡಿಗೆ ಟಾರ್ಪಾಲು ಹೊದಿಸಿ ಷೆಡ್ಡಿನಲ್ಲಿ ಬಿಟ್ಟಿದ್ದೇವೆ, ಬೇಸಿಗೆಯ ಕೊನೆಯವರೆಗೆ ಇರಲಿ ಎಂದಿದ್ದಾರೆ. ಉಳಿದ ಸೀಳುಗಳನ್ನೆಲ್ಲ ಅಡುಗೆ ಚಾಕುವಿನಿಂದ ನಾನೇ ಬಿಡಿಸಿದೆ. ಒಂದರಿಂದ ನೀರು ಐದು ನಿಮಿಷ ಸುರಿಯಿತು. ಪಕ್ಕದಲ್ಲಿ ಕುಳಿತು ಪೂರ್ತಿ ನೋಡಿದೆ.

ಬಾಗಿಲನ್ನು ಬೆಟ್ಟ ಸರೋವರದ ಪರದೆಯಲ್ಲಿ ಸುತ್ತಿದ್ದೇವೆ. ಚೂರುಗಳು ಮೀನಿನ ಡಬ್ಬಿಗಳಲ್ಲಿವೆ, ಏಳು ಡಬ್ಬಿ, ಮೇಲಿನಿಂದ ಕೆಳಗೆ ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಅಂಕಿ ಬರೆದಿದ್ದೇನೆ. ನಿನ್ನೆ ರೈಲು ನಿಲ್ದಾಣದ ಸಾಮಾನು ಕೋಣೆಗೆ ತೋರಿಸಲು ಒಯ್ದೆವು. ಗುಮಾಸ್ತ ಪರದೆ ಸರಿಸಿ ನೋಡಿದ.

"ಇದೇನಮ್ಮಾ?"

"ಬಾಗಿಲು."

"ಅದು ಕಾಣ್ಸತ್ತೆ. ಕೊಳ್ತಿದೆಯಲ್ಲ! ಇಂಥದ್ದನ್ನ ಮಿಷಿಗನ್‌ವರೆಗೆ ಯಾರು ಹೊತ್ತ್ಕೊಂಡು ಹೋಗ್ತಾರೆ? ಅಲ್ಲಿ ಬಾಗಿಲು ಸಿಗಲ್ವಾ?"

ನಾನು ಏನಾದರೂ ಹೇಳುವ ಮೊದಲೇ ವೆಂಡೆಲ್ ಅಂದ, "ನಮ್ಮ ಮಾವ ತರೋಕೆ ಹೇಳಿದಾರೆ." ಎಷ್ಟು ಗಂಭೀರವಾಗಿ ಅಂದನೆಂದರೆ ಆ ಮನುಷ್ಯ ಮತ್ತೇನೂ ಕೇಳದೆ ಚೀಟಿ ಅಂಟಿಸಿದ. ಚೀಟಿಯ ಮೇಲೆ ಹುಷಾರು, ಒಡೆಯುವ ವಸ್ತು ಎಂದು ಬರೆದ.

ಅತ್ತೆಗೆ ಹೇಳು, ಕಾಫಿ ಗಟ್ಟಿ ಇರಲಿ. ಬಾಗಿಲು ಭಾರವಿದೆ, ನೀನು ಒಬ್ಬನೇ ಎತ್ತಬೇಡ, ವೆಂಡೆಲ್ ಇಳಿಯುವವರೆಗೆ ಕಾಯಿ. ಸೋಮವಾರ ಮೇ ಐದರಂದು ಪೋರ್ಟ್‌ಲ್ಯಾಂಡಿನಿಂದ ಹೊರಟು ಬುಧವಾರ ಚಿಕಾಗೋ ತಲುಪುತ್ತೇವೆ. ಪೈನ್ ಬೆಂಡಿಗೆ ಗುರುವಾರ, ಮೇ ಎಂಟು, ಬೆಳಗಿನ ಜಾವ, ಕಾಪರ್ ಕಂಟ್ರಿ ಲಿಮಿಟೆಡ್ ರೈಲಿನಲ್ಲಿ.

ಐಲಿ